ಕರಿ ಟೊಪ್ಪಿಗೆಯವನ ಪರವಾಗಿ

ಚಪಳಗಾಂವ
೬ ಫೆಬ್ರುವರಿ ೨೦೨೫

ಕಲ್ಯಾಣಿ,

ನಾನು ಇದ್ದೇನೆ. ನೀನೂ ಇದ್ದೀಯೆಂದು ತಿಳಿದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಾಗಿದ್ದರೆ ನಗಬೇಡ. ಮಂದ್ರೂಪದ ಕನ್ನಡ ಸಾಲಿಯಲ್ಲಿ ಇಬ್ಬರೂ ಒಂದೇ ತಟ್ಟಿನ ಮೇಲೆ ಕೂತು ನಾಲ್ಕನೆಯ ಇಯತ್ತೆ ಮುಗಿಸಿದೆವು. ಆಮೇಲೆ ನೀನು ಏಳರ ತನಕ ಹೋದೆ, ನಾನು ಕುರಿಯ ಹಿಂದೆ ಹೋದೆ. ಇಬ್ಬರಿಗೂ ಲಗ್ನವಾದದ್ದು ಮಾತ್ರ ಇದೇ ಊರಿಗೆ. ನೀನು ದೊಡ್ಡ ಮನೆಗೆ, ನಾನು ಹಟ್ಟಿಗೆ.

ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ಇಲ್ಲಿ ಫೋನು ಸೊಸೆಯ ಕೈಯಲ್ಲೋ ಮೊಮ್ಮಗಳ ಕೈಯಲ್ಲೋ ಇರುತ್ತದೆ. ಅಲ್ಲಿ ನಿನ್ನ ಮಗ ಧರ್ಮರಾಜ ಸ್ಪೀಕರ್ ಹಾಕಿಕೊಂಡು ಕೇಳುತ್ತಾನೆ. ಕನ್ನಡದಲ್ಲಿ ಬರೆದರೆ ಚಿಂತೆಯಿಲ್ಲ. ಎರಡೂ ಮನೆಯವರು ಮರಾಠಿ ಸಾಲಿ ಕಲಿತವರು, ನಮ್ಮಿಬ್ಬರನ್ನು ಬಿಟ್ಟರೆ ಇದನ್ನು ಓದುವವರು ಯಾರೂ ಇಲ್ಲ.

ನೀನು ಹೇಳಿ ಕಳಿಸಿದ ಸಿನಿಮಾ ನೋಡಿದೆ. ನಿನ್ನ ಮೊಮ್ಮಗ ಯೋಗಿರಾಜ ಅದನ್ನು ನನ್ನ ಮೊಮ್ಮಗಳು ದೀಪಾಲಿಯ ಫೋನಿಗೆ ಹಾಕಿ, "ನಮ್ಮ ಆಯಿ ಹೇಳ್ಯಾಳ, ಸುಗಲಾ ಆಯಿಗಿ ತೋರಸು, ಅದರಾಗ ದನಾ ಕಾಯೋರು ಅದಾರ" ಅಂದಿದ್ದನಂತೆ. ಹಟ್ಟಿಯ ನೆರಳಲ್ಲಿ ತಂಬಿಗೆಗೆ ಫೋನು ಆನಿಸಿಟ್ಟು ನೋಡಿದೆವು. ನೂರು ವರ್ಷದ ಹಿಂದಿನದಂತೆ. ಮಾತಿಲ್ಲ. ಬಾಯಿ ಆಡುತ್ತದೆ, ಧ್ವನಿ ಬರುವುದಿಲ್ಲ, ಕಡೆಗಾಲದಲ್ಲಿ ನಮ್ಮ ಮಾವ ಇದ್ದ ಹಾಗೆ. ಬಣ್ಣವೂ ಇಲ್ಲ. ನಮ್ಮ ಕುರಿಯ ಉಣ್ಣೆಯಲ್ಲಿ ಇರುವಷ್ಟೇ ಬಣ್ಣ, ಕಪ್ಪು, ಬಿಳಿ, ನಡುವೆ ಬೂದಿ. ನನಗೇನೂ ಕಡಿಮೆ ಅನ್ನಿಸಲಿಲ್ಲ. ನಡುನಡುವೆ ಇಂಗ್ಲಿಷಿನ ಬರಹ ಬರುತ್ತದೆ. ದೀಪಾಲಿ ಮೊದಲಿನ ಎರಡನ್ನು ಓದಿ ಹೇಳಿ ಕೂತಲ್ಲೇ ತೂಕಡಿಸಿದಳು. ಉಳಿದ ಕಥೆ ನಾನೇ ತಿಳಿದುಕೊಂಡೆ.

ಕರಿ ಟೊಪ್ಪಿಗೆ, ಕರಿ ಕೋಟು ಹಾಕಿದವನೊಬ್ಬ ದನ ಹೊಡೆದುಕೊಂಡು ಬರುತ್ತಾನೆ. ದನಗಳಿಗೆ ನೀರಡಿಸಿದೆ. ಹೊಳೆ ಎದುರಿಗೇ ಹರಿಯುತ್ತದೆ, ಆದರೆ ಬಿಳಿ ಟೊಪ್ಪಿಗೆಯವನೊಬ್ಬ ಅದಕ್ಕೆ ಅಡ್ಡ ತಂತಿ ಬಿಗಿದು ಮನೆ ಕಟ್ಟಿಕೊಂಡಿದ್ದಾನೆ. ಕರಿ ಟೊಪ್ಪಿಗೆಯವನು ಕುದುರೆ ಇಳಿದು, ಟೊಪ್ಪಿಗೆ ತೆಗೆದು, ನಿಂತು ಮಾತಾಡುತ್ತಾನೆ. ಬಿಳಿಯವನು ಬಾಗಿಲಲ್ಲಿ ಬಂದೂಕು ಹಿಡಿದಿದ್ದಾನೆ. ನೀರು ಕೇಳುವವನಿಗೆ ಬಂದೂಕು ತೋರಿಸುವ ಸೀಮೆ ಅದ್ಯಾವುದೋ. ಕರಿ ಟೊಪ್ಪಿಗೆಯವನ ಮೇಲೆ ನನಗೆ ಮೊದಲೇ ವಿಶ್ವಾಸ ಬಂದಿತ್ತು. ನಮ್ಮ ಕುಲದೇವರು ಬೀರೋಬಾನ ಗದ್ದಿಗೆಗೆ ಹಾಸುವುದೂ ಕರಿ ಕಂಬಳಿಯೇ. ಕರಿದು ಹೊದ್ದವನು ನಾಲ್ಕು ಜನರ ಎದುರು ಸುಳ್ಳಾಡುವುದಿಲ್ಲ. ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು.

ಇನ್ನೊಂದು ಮಾತು. ನಿಮ್ಮ ಹೊಲದಲ್ಲಿ ಲಾರಿ ಬಂದು ಕಬ್ಬಿಣದ ಕಂಬ ಇಳಿಸಿ ಹೋಗಿದೆ ಎಂದು ನನ್ನ ಮಗ ಸಿದ್ದಣ್ಣ ಹೇಳಿದ. ಯಾತಕ್ಕೆ? ಹಟ್ಟಿಯಿಂದ ಹಳ್ಳಕ್ಕೆ ಕುರಿ ಹೋಗುವುದು ನಿಮ್ಮ ಹೊಲದ ಮೂಡಣ ಅಂಚಿನಿಂದ, ನಿನಗೆ ಗೊತ್ತಿದೆ. ಬೇಸಿಗೆಯಲ್ಲಿ ಆ ಮಡುವು ಬಿಟ್ಟರೆ ಕುರಿಗೆ ಬೇರೆ ನೀರಿಲ್ಲ. ಸುತ್ತಿ ಹೋಗಬೇಕೆಂದರೆ ಡಾಂಬರು ರಸ್ತೆ. ಅಲ್ಲಿ ಕಬ್ಬಿನ ಟ್ರ್ಯಾಲಿಗಳು ಓಡುತ್ತವೆ.

ಬರೆ.

ಸುಗಲಾ


ಸೊಲ್ಲಾಪುರ
೧೭ ಫೆಬ್ರುವರಿ ೨೦೨೫

ಪ್ರೀತಿಯ ಸುಗಲಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಬರೆಯಬೇಕೆಂದರೆ ಮೊಣಕಾಲು ಬಿಡುವುದಿಲ್ಲ. ಕಾಲಿಗೂ ಬರೆಯುವುದಕ್ಕೂ ಏನು ಸಂಬಂಧ ಎಂದು ನೀನು ಕೇಳುತ್ತೀ. ನೋವಿದ್ದರೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ ನೋಡು. ಮೂರನೆಯ ಅಂತಸ್ತು, ಲಿಫ್ಟು ಒಂದು ದಿನ ನಡೆದರೆ ಎರಡು ದಿನ ಇಲ್ಲ. ಕಿಟಕಿಯಲ್ಲಿ ಕೂತು ಕೆಳಗೆ ಬರುವ ಟ್ಯಾಂಕರು ನೋಡುವುದೇ ನನ್ನ ಕೆಲಸ.

ನಿನ್ನ ಕಾಗದ ಯೋಗಿರಾಜನಿಗೆ ಓದಿ ಹೇಳಿದೆ, ಸಿನಿಮಾದ ಭಾಗ ಅಷ್ಟೇ. ಬಿದ್ದು ಬಿದ್ದು ನಕ್ಕ. ಆ ಕರಿ ಟೊಪ್ಪಿಗೆಯವನೇ ಖಳನಾಯಕನಂತೆ ಸುಗಲಾ. ಆ ಕಾಲದ ಇಂಥ ಸಿನಿಮಾಗಳಲ್ಲಿ ಕೆಟ್ಟವನಿಗೆ ಕರಿ ಟೊಪ್ಪಿಗೆ, ಒಳ್ಳೆಯವನಿಗೆ ಬಿಳಿ ಹಾಕುವುದು ರೂಢಿಯಂತೆ, ನೋಡುವವರಿಗೆ ಮೊದಲೇ ತಿಳಿಯಲಿ ಎಂದು. "ನೋಡಿದ ಕೂಡ್ಲೆ ಗೊತ್ತಾಗತದ ಆಯಿ, ಅದರಾಗ ಕೇಳೋದೇನದ" ಅಂದ. ನನಗೂ ಹಾಗೇ ಕಂಡಿತು. ಬಿಳಿ ಟೊಪ್ಪಿಗೆಯವನು ಪಾಪ, ಹೆಂಡತಿ ಮಗು ಕಟ್ಟಿಕೊಂಡು, ಕಲ್ಲು ಆರಿಸಿ ಹೊಲ ಮಾಡಿಕೊಂಡಿದ್ದಾನೆ. ಯಾರದೋ ದನ ಬಂದು ತುಳಿದರೆ ಅವನೇನು ಮಾಡಬೇಕು? ಆ ಹೆಣ್ಣುಮಗಳು ಕಿಟಕಿಯಲ್ಲಿ ನಿಂತು ನೋಡುತ್ತಾಳಲ್ಲ, ನನಗೆ ಕಣ್ಣಲ್ಲಿ ನೀರು ಬಂತು.

ಧರ್ಮರಾಜ ದಾಳಿಂಬೆ ಹಚ್ಚಬೇಕೆಂದು ಹೊರಟಿದ್ದಾನೆ. ಕಂಬ ಅದಕ್ಕೇ ಇರಬೇಕು. ನನಗೆ ಅವನು ಎಲ್ಲ ಹೇಳುವುದಿಲ್ಲ. ಕೇಳುತ್ತೇನೆ. ಮಕ್ಕಳ ಕಾಲ, ನಮ್ಮದೇನು ನಡೆಯುತ್ತದೆ.

ಆರೋಗ್ಯ ನೋಡಿಕೋ. ಸಿದ್ದಣ್ಣನಿಗೂ ಸೊಸೆಗೂ ನನ್ನ ಆಶೀರ್ವಾದ.

ನಿನ್ನ,
ಕಲ್ಯಾಣಿ


ಚಪಳಗಾಂವ
೨೬ ಫೆಬ್ರುವರಿ ೨೦೨೫

ಕಲ್ಯಾಣಿ,

ಕರಿದು ಕಂಡ ಕೂಡಲೇ ಕೆಟ್ಟವನೆಂದು ತಿಳಿಯಬೇಕು, ಕೇಳುವುದೇನಿದೆ ಅಂದನಲ್ಲ ನಿನ್ನ ಮೊಮ್ಮಗ. ಅವನು ಹುಡುಗ, ಬಿಡು. ನಿನಗೂ ಹಾಗೇ ಕಂಡಿತು ಎಂದು ಬರೆದಿದ್ದೀ. ನಿನ್ನ ಲಗ್ನದಲ್ಲಿ ಅಕ್ಕಿಕಾಳಿಗೆ ಕೂರಿಸುವಾಗ ಕೆಳಗೆ ಹಾಸಿದ್ದು ನಮ್ಮ ಹಟ್ಟಿಯ ಕರಿ ಕಂಬಳಿ. ಧರ್ಮರಾಜ ಹುಟ್ಟಿದಾಗ ಅವನನ್ನು ಮೊದಲು ಮಲಗಿಸಿದ್ದೂ ಅದರ ಮೇಲೆಯೇ. ಆವಾಗ ಯಾರಿಗೂ ಅದು ಕೆಟ್ಟದ್ದೆಂದು ಕಂಡಿರಲಿಲ್ಲ. ಸೊಲ್ಲಾಪುರದ ಮೂರನೆಯ ಅಂತಸ್ತಿನಿಂದ ಬೇರೆ ಥರ ಕಾಣುತ್ತದೆಯೋ ಏನೋ.

ಉಳಿದ ಅರ್ಧವನ್ನೂ ನೋಡಿದೆ. ಕರಿ ಟೊಪ್ಪಿಗೆಯವನ ಆಳುಗಳು ಪಕ್ಕಡದಿಂದ ತಂತಿ ಕತ್ತರಿಸುತ್ತಾರೆ. ಹೊಡೆದಾಟವಾಗುತ್ತದೆ. ಅವನು ಗುಂಡು ತಿಂದು ಹೊಳೆಯಲ್ಲೇ ಬೀಳುತ್ತಾನೆ. ಬಿಳಿಯವನು ಹೆಂಡತಿಯನ್ನು ತಬ್ಬಿಕೊಳ್ಳುತ್ತಾನೆ, ಮುಗಿಯಿತು. ದನಗಳು ಏನಾದವು ಎಂದು ತೋರಿಸಲಿಲ್ಲ. ದೀಪಾಲಿಗೆ ಹೇಳಿ ಹಿಂದಕ್ಕೂ ಮುಂದಕ್ಕೂ ಹಾಕಿಸಿ ನೋಡಿದೆ, ಸಿಗಲಿಲ್ಲ. ಸಿನಿಮಾ ಮಾಡಿದವರಿಗೆ ದನ ಹೆಚ್ಚು ಇರಲಿಲ್ಲ, ಅದೂ ನನಗೆ ತಿಳಿಯಿತು. ಕಿವಿ ಹರಿದ ಒಂದು ಆಕಳು ಮತ್ತೆ ಮತ್ತೆ ಬರುತ್ತದೆ, ಇದ್ದವನ್ನೇ ಸುತ್ತಿಸಿ ಸುತ್ತಿಸಿ ಹೊಡೆದಿದ್ದಾರೆ. ನಾಲಿಗೆ ಹೊರಗೆ ಬಿಟ್ಟು ನಡೆಯುತ್ತವೆ. ಮನುಷ್ಯರು ವೇಷ ಹಾಕಿದ್ದರು ಕಲ್ಯಾಣಿ. ಆ ದನಗಳು ಹಾಕಿರಲಿಲ್ಲ. ಅವಕ್ಕೆ ನಿಜವಾಗಿಯೂ ನೀರಡಿಸಿತ್ತು.

ನನಗೂ ಸಾಕಾಗಿದೆ. ಸಿನಿಮಾದ ಮಾತು ಇಲ್ಲಿಗೆ ಬಿಡೋಣ. ನಿಮ್ಮ ಹೊಲಕ್ಕೆ ಮೂರು ಕಡೆ ತಂತಿ ಬಿಗಿದಾಗಿದೆ. ಮೂಡಣ ಕಡೆ ಕಂಬ ನಿಂತಿವೆ, ತಂತಿ ಇನ್ನೂ ಇಲ್ಲ. ಆ ಒಂದು ಕಡೆ ಬಿಡಿಸು. ಎರಡು ಕುರಿ ಜೊತೆಗೆ ನಡೆಯುವಷ್ಟು ಅಗಲ ಸಾಕು. ದಾಳಿಂಬೆಗೆ ಬಾಯಿ ಹಾಕದ ಹಾಗೆ ನೋಡಿಕೊಳ್ಳುವ ಹೊಣೆ ಸಿದ್ದಣ್ಣನದು. ಇದನ್ನು ನಾನು ಬೇಡುತ್ತಿದ್ದೇನೆ ಎಂದು ಓದಿಕೊಂಡರೂ ನಡೆಯುತ್ತದೆ.

ಸುಗಲಾ


ಚಪಳಗಾಂವ
೩೦ ಮಾರ್ಚ್ ೨೦೨೫, ಯುಗಾದಿ

ಕಲ್ಯಾಣಮ್ಮ,

ನಿನ್ನ ಉತ್ತರ ಬರಲಿಲ್ಲ. ಮೊಣಕಾಲು ಹೆಚ್ಚಾಗಿರಬೇಕು.

ಮೂಡಣ ಕಡೆಯೂ ತಂತಿ ಬಿಗಿದರು. ಹೋಳಿಯ ಮಾರನೆಯ ದಿನದಿಂದ ಕುರಿ ರಸ್ತೆಯ ಮೇಲೆ ಸುತ್ತಿ ಹೋಗಿ ಬರುತ್ತಿದ್ದವು. ಈಗ ಅದೂ ಇಲ್ಲ. ಯಾಕೆ ಇಲ್ಲ ಎಂದು ಬರೆಯುವಷ್ಟು ಕೈಯಲ್ಲಿ ಶಕ್ತಿ ಇಲ್ಲ.

ಹಬ್ಬಕ್ಕೆ ಹೋಳಿಗೆ ಮಾಡಲಿಲ್ಲ. ದೀಪಾಲಿ ಒಬ್ಬಳಿಗಾಗಿ ಸ್ವಲ್ಪ ಶ್ಯಾವಿಗೆ ಬಸಿದೆ. ಕುರಿಗಳು ಬೇಲಿಗೆ ಮೂತಿ ಹಚ್ಚಿ ನಿಲ್ಲುತ್ತವೆ. ಓಡಿಸಿದರೆ ಹೋಗುತ್ತವೆ, ತಿರುಗಿ ನೋಡಿದರೆ ಮತ್ತೆ ಅಲ್ಲೇ. ದಾರಿ ಮುಚ್ಚಿದ್ದು ಅವಕ್ಕೆ ಗೊತ್ತಿಲ್ಲ, ಯಾರೋ ತೆಗೆಯುತ್ತಾರೆ ಎಂದು ಕಾಯುತ್ತವೆ.

ಹೊಸ ವರ್ಷ ನಿನಗೆ ಚಲೋ ಆಗಲಿ.

ಸುಗಲಾಬಾಯಿ


ಸೊಲ್ಲಾಪುರ
೯ ಏಪ್ರಿಲ್ ೨೦೨೫

ಸುಗಲಾ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಮ್ಮ ಹೊಲದ ತಂತಿಯನ್ನು ಎರಡು ಕಡೆ ಯಾರೋ ಕತ್ತರಿಸಿದ್ದಾರೆ, ಹಟ್ಟಿಯ ಕಡೆಗೊಂದು, ಹಳ್ಳದ ಕಡೆಗೊಂದು. ಧರ್ಮರಾಜ ನೋಡಿ ಬಂದ. ಊಟಕ್ಕೂ ಕೂರದೆ ಅಕ್ಕಲಕೋಟೆಗೆ ಹೋಗಿ ಪೊಲೀಸರಿಗೆ ಅರ್ಜಿ ಕೊಟ್ಟಿದ್ದಾನೆ. ಅರ್ಜಿಯಲ್ಲಿ ಸಿದ್ದಣ್ಣನ ಹೆಸರು ಇದೆ.

ನಾನು ಬೇಡವೆಂದೆ. ಅವನು ಕೇಳಲಿಲ್ಲ. ಆದರೆ ಸುಗಲಾ, ನನ್ನ ಮನಸ್ಸಿನಲ್ಲಿ ಇದ್ದದ್ದನ್ನೂ ಬರೆದು ಬಿಡುತ್ತೇನೆ. ನೀನು ಆ ಸಿನಿಮಾದಲ್ಲಿ ಕರಿ ಟೊಪ್ಪಿಗೆಯವನ ಪರ ಯಾಕೆ ಅಷ್ಟು ಬರೆದೆ ಎಂದು ನನಗೆ ಈಗ ತಿಳಿಯಿತು. ಪಕ್ಕಡದಿಂದ ತಂತಿ ಕತ್ತರಿಸುತ್ತಾರೆ ಎಂದು ನೀನೇ ಬರೆದಿದ್ದೀ. ಅದನ್ನು ಸಿದ್ದಣ್ಣನಿಗೂ ತೋರಿಸಿದೆಯಾ? ನೀನು ಸಿನಿಮಾ ಹೇಳುತ್ತಿದ್ದೀ ಎಂದು ನಾನು ಓದಿದೆ. ಹೆದರಿಸುತ್ತಿದ್ದೀ ಎಂದು ಓದಲಿಲ್ಲ.

ಹೊಲ ಮಾಡುವುದು ಧರ್ಮರಾಜ, ಬೇಲಿ ಹಾಕಿಸಿದ್ದು ಧರ್ಮರಾಜ. ನಾನು ನಡುವೆ ಸಿಕ್ಕವಳು. ನಿನ್ನ ಮಗನಿಗೆ ನೀನು ಬುದ್ಧಿ ಹೇಳು, ನನ್ನ ಮಗನಿಗೆ ನಾನು ಹೇಳುತ್ತೇನೆ. ಇಷ್ಟು ವರ್ಷದ ನಮ್ಮ ಸಂಬಂಧ ಒಂದು ತಂತಿಗಾಗಿ ಹೋಗುವುದು ಬೇಡ.

ಕಲ್ಯಾಣಿ


ಚಪಳಗಾಂವ
೧೪ ಏಪ್ರಿಲ್ ೨೦೨೫

ಕಲ್ಯಾಣಮ್ಮನವರಿಗೆ,

ನಿಮ್ಮ ಕಾಗದ ಮುಟ್ಟಿತು. ಉತ್ತರ ಹೀಗಿದೆ.

ನನ್ನ ಮಗನಿಗೆ ಬುದ್ಧಿ ಹೇಳಲು ಹೇಳಿದಿರಿ. ನಿಮ್ಮ ತಂತಿ ತುಂಡಾದ ದಿನ ನನ್ನ ಮಗ ಈ ಊರಲ್ಲಿ ಇರಲಿಲ್ಲ, ನಿಮ್ಮ ಊರಲ್ಲಿ ಇದ್ದ. ಸೊಲ್ಲಾಪುರದ ದವಾಖಾನೆಯಲ್ಲಿ, ಕಾಲಿಗೆ ಕಬ್ಬಿಣದ ಸಲಾಕೆ ಹಾಕಿಸಿಕೊಂಡು ಮಲಗಿದ್ದ. ಯುಗಾದಿಗಿಂತ ಮೊದಲು ರಸ್ತೆಯ ಮೇಲೆ ಕುರಿ ದಾಟಿಸುವಾಗ ಕಬ್ಬಿನ ಟ್ರ್ಯಾಲಿ ಮೈಮೇಲೆ ಬಂತು. ಮುಂದೆ ನಡೆಯುವ ಕುರಿಗಳು ಸತ್ತವು, ಅವುಗಳ ಹಿಂದೆ ಇದ್ದ ಇವನ ಕಾಲು ಹೋಯಿತು. ನಿಮ್ಮ ಮನೆಯಿಂದ ಆ ದವಾಖಾನೆಗೆ ಆಟೋದಲ್ಲಿ ಬಹಳ ಹೊತ್ತು ಆಗುವುದಿಲ್ಲ. ಸೊಸೆ ಅಲ್ಲೇ ಅವನ ಕಾಲದೆಸೆಯಲ್ಲಿ ಇದ್ದಳು. ನಾನೂ ಎರಡು ಸಲ ಬಂದು ಹೋದೆ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಕೈಯಲ್ಲಿ ಹಣ್ಣು ಹಿಡಿದು ಬರುತ್ತಿದ್ದಿರಿ. ಅದನ್ನು ತೆಗೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಅವನಿಗೆ ಎಚ್ಚರ ಬಂದಾಗ ಕಾಲಿನ ಮಾತು ಕೇಳಲಿಲ್ಲ. "ಅವ್ವಾ, ಕುರಿ ನೀರ ಕುಡದಾವೇನು?" ಎಂದು ಕೇಳಿದ. ನಾನು "ಕುಡದಾವಪ್ಪಾ" ಅಂದೆ. ಕುಡಿದಿರಲಿಲ್ಲ. ಊರಿನ ನಳದಿಂದ ಕೊಡ ಹೊತ್ತು ನಾನೂ ದೀಪಾಲಿಯೂ ಮರಿಗಳಿಗೆ ಕುಡಿಸಿ, ಉಳಿದದ್ದನ್ನು ದೊಡ್ಡವಕ್ಕೆ ನಾಲಿಗೆ ನೆನೆಯುವಷ್ಟು ಹಾಕುತ್ತಿದ್ದೆವು. ರಸ್ತೆಯ ಮೇಲೆ ಕುರಿ ಹೊಡೆಯುವ ಧೈರ್ಯ ನನಗೆ ಇರಲಿಲ್ಲ. ಈಗಲೂ ಇಲ್ಲ.

ಆದ್ದರಿಂದ ದವಾಖಾನೆಯಿಂದ ತಿರುಗಿ ಬಸ್ಸು ಇಳಿದು ಮನೆಗೆ ಬಂದು, ಪಕ್ಕಡ ತೆಗೆದುಕೊಂಡು, ಹಾಡುಹಗಲೇ ಹೋಗಿ ತಂತಿ ತುಂಡು ಮಾಡಿದವಳು ನಾನು. ಸಿನಿಮಾದಲ್ಲಿ ಒಮ್ಮೆ ಒತ್ತಿದರೆ ಕಡಿಯುತ್ತದೆ. ನನ್ನ ಕೈಗೆ ಹಾಗೆ ಕಡಿಯಲಿಲ್ಲ. ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ, ಕೂತು, ಮತ್ತೆ ಎದ್ದು ಬಗ್ಗಿಸಿ, ಒಂದೊಂದೇ ಎಳೆ ಮುರಿದೆ. ಮಧ್ಯಾಹ್ನವಾಯಿತು. ರಸ್ತೆಯಲ್ಲಿ ಹೋಗುವವರೆಲ್ಲ ನೋಡಿದರು. ನಿಮ್ಮ ಮಗ ಅವರನ್ನು ಕೇಳಲಿಲ್ಲ. ಅರ್ಜಿಯಲ್ಲಿ ಸಿದ್ದಣ್ಣನ ಹೆಸರು ಹೊಡೆದು ಸುಗಲಾಬಾಯಿ ಎಂದು ಬರೆಸಿರಿ. ಪೊಲೀಸರು ಬಂದರೆ ನಾನು ಹಟ್ಟಿಯಲ್ಲೇ ಇರುತ್ತೇನೆ, ಎಲ್ಲಿಗೂ ಹೋಗುವ ತ್ರಾಣ ಇಲ್ಲ.

ಹೆದರಿಸಲು ಬರೆದೆ ಎಂದಿರಿ. ನೀವು ಸಿನಿಮಾ ನೋಡು ಎಂದಿರಿ, ನೋಡಿದೆ. ಕಂಡದ್ದು ಬರೆದೆ.

ನಡುವೆ ಸಿಕ್ಕವಳು ಎಂದೂ ಬರೆದಿರಿ. ಆ ಹೊಲದ ಸಾತಬಾರಾ ಉತಾರದಲ್ಲಿ ಮಾಲಕರೆಂದು ಇರುವ ಹೆಸರು ನಿಮ್ಮದು. ಸರಕಾರದ ಯೋಜನೆಯಲ್ಲಿ ದಾಳಿಂಬೆ ಹಚ್ಚಬೇಕೆಂದರೆ ನಿಮ್ಮ ಸಹಿ ಇಲ್ಲದೆ ಒಂದು ಕಂಬವೂ ಬರುವುದಿಲ್ಲ. ನನ್ನ ಮೊದಲ ಕಾಗದ ನಿಮಗೆ ಮುಟ್ಟುವ ಮೊದಲೇ ನಿಮ್ಮ ಸಹಿ ಆಗಿತ್ತು. ಇದು ನನಗೆ ಫೆಬ್ರುವರಿಯಲ್ಲೇ ಗೊತ್ತಿತ್ತು. ಧರ್ಮರಾಜ ಮಾಡುತ್ತಾನೆ, ಧರ್ಮರಾಜ ಹೇಳುವುದಿಲ್ಲ ಎಂದು ನೀವು ಬರೆಯುತ್ತಾ ಹೋದಿರಿ. ಬರೆಯಲಿ ಎಂದು ಬಿಟ್ಟೆ.

ಸುಗಲಾಬಾಯಿ


ಸೊಲ್ಲಾಪುರ
೨೨ ಏಪ್ರಿಲ್ ೨೦೨೫

ಸುಗಲಾ,

ನಿನ್ನ ಕಾಗದ ಓದಿದ ದಿನವೇ ಮೆಟ್ಟಿಲು ಇಳಿದು ದವಾಖಾನೆಗೆ ಹೋದೆ. ಸಿದ್ದಣ್ಣನನ್ನು ಮನೆಗೆ ಕಳಿಸಿ ಆಗಿತ್ತು. ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಒಯ್ದಿದ್ದ ಮೋಸಂಬಿ ಅವರಿಗೇ ಕೊಟ್ಟು ಬಂದೆ. ಹಣ್ಣು ಹಿಡಿದುಕೊಂಡೇ ಹೋಗಿದ್ದೆ, ನೀನು ಬರೆದ ಹಾಗೆ.

ಸಹಿ ನನ್ನದೇ.

ಧರ್ಮರಾಜನ ಸಂಗಡ ಮಾತಾಯಿತು. ಬಹಳ ಆಯಿತು. "ಸಹಿ ಮಾಡೋವಾಗ ನಿನಗ ಕುರಿ ನೆನಪಾಗಲಿಲ್ಲೇನವ್ವಾ? ಈಗ್ಯಾಕ ನನ್ನ ಮ್ಯಾಲ ಹಾಕತೀ?" ಅಂದ. ಅವನು ಅಂದದ್ದೂ ಸುಳ್ಳಲ್ಲ. ನಾನು ಎರಡು ದಿನ ಊಟ ಬಿಟ್ಟೆ. ಉಪವಾಸ ಮಾಡಿ ಗೆಲ್ಲುವ ವಯಸ್ಸಲ್ಲ ನನ್ನದು, ತಲೆ ತಿರುಗಿ ಬಿದ್ದೆ. ಅದಕ್ಕೆ ಹೆದರಿ ಒಪ್ಪಿದ.

ಅರ್ಜಿ ಹಿಂದಕ್ಕೆ ತೆಗೆದುಕೊಂಡಿದ್ದಾನೆ. ನೀನು ಕತ್ತರಿಸಿದ ಎರಡೂ ಕಡೆ ಗೇಟು ಕೂರಿಸುತ್ತಾನೆ, ಎರಡಕ್ಕೂ ಒಂದೇ ಕೀಲಿ. ಅದನ್ನು ಯೋಗಿರಾಜನ ಕೈಯಲ್ಲಿ ಕಳಿಸುತ್ತೇನೆ. ಬೆಳಿಗ್ಗೆ ತೆಗೆಯಬೇಕು, ಕುರಿ ಹೋಗಿ ಬಂದ ಮೇಲೆ ಹಾಕಬೇಕು. ಅವನ ಮಾತು ಒಂದೇ. ನಿಮ್ಮ ಹಟ್ಟಿಯ ಕುರಿ ಮಾತ್ರ. ಬೇರೆಯವರ ಕುರಿ ಒಂದು ಸಲ ಒಳಗೆ ಕಾಲಿಟ್ಟರೂ ಬೀಗ ಬದಲಿಸುತ್ತೇನೆ, ಆಮೇಲೆ ಅವ್ವ ಸತ್ತರೂ ತೆಗೆಯುವುದಿಲ್ಲ ಎಂದಿದ್ದಾನೆ. ಅವನು ಮಾತು ನಡೆಸುವವನು, ನಿನಗೆ ಗೊತ್ತು.

ನನ್ನ ಕೈಯಿಂದ ಇಷ್ಟೇ ಆಯಿತು. ಸಣ್ಣದಾಯಿತು. ಸಣ್ಣದೆಂದು ಬೇಡ ಅನ್ನಬೇಡ.

ಕಲ್ಯಾಣಿ


ಚಪಳಗಾಂವ
೧೧ ಮೇ ೨೦೨೫

ಕಲ್ಯಾಣಿ,

ಕೀಲಿ ತೆಗೆದುಕೊಂಡೆ. ಯೋಗಿರಾಜ ಬಾಗಿಲಲ್ಲಿ ನಿಂತು ಅದನ್ನು ಚಾಚಿದಾಗ ನಾನು ಬೇಡ ಅನ್ನುವವಳೇ ಇದ್ದೆ. ಕುರಿಗಳು ಹಿಂದೆ ಒದರುತ್ತಿದ್ದವು. ಅವುಗಳ ಎದುರು ನನ್ನ ಮಾನದ ಮಾತು ಏನು ಆಡುವುದು. ಹುಡುಗನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ.

ಸಿದ್ದಣ್ಣ ಹಾಸಿಗೆಯ ಮೇಲೆ ಎದ್ದು ಕೂರುತ್ತಾನೆ. ಕೋಲು ಹಿಡಿದು ನಡೆದಾನು. ಕುರಿಯ ಹಿಂದೆ ಹೋಗುವ ಕಾಲು ಅಲ್ಲ ಅದು ಇನ್ನು. ಬೇಸರ ಕಳೆಯಲು ದೀಪಾಲಿ ಅವನಿಗೆ ಅದೇ ಸಿನಿಮಾ ಹಾಕಿದಳು, ಈ ಸಲ ಇಂಗ್ಲಿಷ್ ಬರಹಗಳನ್ನೆಲ್ಲ ಓದಿ ಹೇಳಿದಳು. ನಾನೂ ಕೇಳಿದೆ. ನಾನು ತಪ್ಪು ತಿಳಿದಿದ್ದೆ. ಕರಿ ಟೊಪ್ಪಿಗೆಯವನಿಗೆ ಬೇಕಾಗಿದ್ದದ್ದು ಆ ಹೊಲವಂತೆ, ನೀರು ಬರೀ ನೆಪ. ನಿನ್ನ ಮೊಮ್ಮಗ ಹೇಳಿದ್ದೇ ನಿಜವಾಯಿತು, ಅವನಿಗೆ ಹೇಳು. ದನಗಳಿಗೆ ಮಾತ್ರ ನೀರೇ ಬೇಕಾಗಿತ್ತು.

ದಿನವೂ ಬೆಳಿಗ್ಗೆ ನಾನೇ ಗೇಟು ತೆಗೆಯುತ್ತೇನೆ, ನಾನೇ ಹಾಕುತ್ತೇನೆ. ಹಾಕಿದ ಮೇಲೆ ಬೀಗ ಜಗ್ಗಿ ನೋಡುತ್ತೇನೆ. ಹೀಗೆ ಜಗ್ಗಿ ನೋಡುವ ಚಟ ನನಗೆ ಯಾವಾಗ ಹತ್ತಿತೋ ತಿಳಿಯಲಿಲ್ಲ. ಮೊನ್ನೆ ಕುರಿ ದಾಟಿಸಿ ನಿಂತಿದ್ದೆ. ಸಲಗರ ಬುದ್ರುಕದ ಕಡೆಯವನು, ಕಾಮಣ್ಣ ಎಂದು, ಕುರಿ ಹೊಡೆದುಕೊಂಡು ಬಂದ. ಆ ಸೀಮೆಯಲ್ಲಿ ಮೇವೂ ಇಲ್ಲ, ನೀರೂ ಇಲ್ಲ ಎಂದು ಹೊರಟವನು. ಕುರಿಗಳ ಕಣ್ಣು ಒಳಗೆ ಹೋಗಿದ್ದವು.

"ಆಯಿ, ನಿನ್ನಿಯಿಂದ ನೀರ ಕಂಡಿಲ್ರಿ ಇವು. ಒಮ್ಮಿ ಬಿಡ್ರಿ" ಅಂದ.

ನಾನು ಏನಂದೆ ಗೊತ್ತೇನು. "ಮಾಲಕರನ್ನ ಕೇಳಬೇಕಾಗತದಪ್ಪಾ" ಅಂದೆ.

ಬಾಯಿಂದ ಬಂದು ಹೋಯಿತು. ಅವನು ವಾದಿಸಲಿಲ್ಲ. ಹೂಂ ಅಂದು ಕುರಿಗಳನ್ನು ರಸ್ತೆಯ ಕಡೆ ತಿರುಗಿಸತೊಡಗಿದ. ಅವನ ಒಂದು ಕುರಿ ನನ್ನ ಕೈಯನ್ನು ಮೂಸಿ ನೋಡಿತು, ಕೀಲಿ ಹಿಡಿದ ಕೈಯನ್ನು. ತಿನ್ನುವುದೇನೋ ಇದೆ ಎಂದುಕೊಂಡಿರಬೇಕು.

ಅವನನ್ನು ಕೂಗಿ ಕರೆದೆ. ಗೇಟು ತೆಗೆದೆ. ಎಲ್ಲ ಕುರಿಗಳೂ ಹೋದವು, ಕುಡಿದವು, ಬಂದವು. ಒಂದು ದಾಳಿಂಬೆ ಗಿಡದ ಕುಡಿಯನ್ನು ಅವನ ಕುರಿಗಳ ಜೊತೆ ಇದ್ದ ಒಂದು ಆಡು ಕಚ್ಚಿತು, ಅದನ್ನೂ ಮುಚ್ಚಿಡುವುದಿಲ್ಲ. ನಿನ್ನೆಯೂ ತೆಗೆದೆ. ಇವತ್ತೂ ತೆಗೆದೆ. ಅವನಿಗೆ ಈ ಕಡೆ ಮಳೆ ಬೀಳುವ ತನಕ ಬೇರೆ ದಾರಿ ಇಲ್ಲ, ಅವನ ಹಿಂದೆ ಇನ್ನೊಬ್ಬ ಬರುತ್ತಿದ್ದಾನಂತೆ.

ಹೀಗೆ ಮಾಡಿದರೆ ನಮ್ಮ ಕುರಿಯ ನೀರೂ ಹೋಗುತ್ತದೆ ಎಂದು ನನಗೆ ತಿಳಿಯದೆ ಇಲ್ಲ. ಸಿದ್ದಣ್ಣನಿಗೂ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮತ್ತೆ ಪಕ್ಕಡ ಹಿಡಿಯುವ ಶಕ್ತಿ ನನ್ನ ಕೈಯಲ್ಲಿ ಇಲ್ಲ. ಕೊಡ ಹೊರುತ್ತೇವೆ, ಆದಷ್ಟು ಕುರಿ ಮಾರುತ್ತೇವೆ, ನೋಡೋಣ.

ಊರವರು ಧರ್ಮರಾಜನಿಗೆ ಹೇಳುವ ಮೊದಲು ನೀನೇ ಹೇಳು. ಊಟ ಬಿಡಬೇಡ ಈ ಸಲ. ಬೀಗ ಬದಲಿಸುವುದು ಯಾಕೆ, ಅದಕ್ಕೊಂದು ಖರ್ಚು. ಯೋಗಿರಾಜನನ್ನು ಕಳಿಸು, ಕೀಲಿ ಅವನ ಕೈಯಲ್ಲಿ ಕೊಡುತ್ತೇನೆ. ಮಧ್ಯಾಹ್ನದ ಮೇಲೆ ಬರಲಿ. ಬೆಳಿಗ್ಗೆ ಕಾಮಣ್ಣನ ಕುರಿ ಬರುತ್ತವೆ.

ಸುಗಲಾ